ಸ್ಪಿನೋಜಾ ಬೇಡ ಅಂದ ಕೆಲಸ

ನಮಸ್ಕಾರ. ಇವತ್ತು ಒಂದು ಪತ್ರದ ಬಗ್ಗೆ ಮಾತಾಡೋಣ. ಪತ್ರ ಅನ್ನುವುದಕ್ಕಿಂತ, ಅದರಲ್ಲಿರುವ ಒಂದು ವಾಕ್ಯದ ಬಗ್ಗೆ.

1673ರ ಫೆಬ್ರವರಿ. ಹಾಲೆಂಡಿನ ಹೇಗ್ ಊರಲ್ಲಿ, ಒಬ್ಬ ಚಿತ್ರಕಾರನ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬ ಮನುಷ್ಯ ಇದ್ದ. ವಯಸ್ಸು 40. ಮದುವೆ ಆಗಿರಲಿಲ್ಲ, ಸ್ವಂತ ಮನೆ ಇರಲಿಲ್ಲ. ಹೆಸರು ಬಾರುಖ್ ಸ್ಪಿನೋಜಾ. ಅವನಿಗೆ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಅಲ್ಲಿನ ದೊರೆ ಕಾರ್ಲ್ ಲುಡ್ವಿಗ್ ತನ್ನ ಪ್ರೊಫೆಸರ್ ಒಬ್ಬನ ಕೈಯಲ್ಲಿ ಬರೆಸಿದ್ದ. ನಮ್ಮಲ್ಲಿಗೆ ತತ್ವಶಾಸ್ತ್ರದ ಪ್ರೊಫೆಸರ್ ಆಗಿ ಬನ್ನಿ, ಬೇರೆ ಪ್ರೊಫೆಸರುಗಳಿಗೆ ಕೊಡುವಷ್ಟೇ ಸಂಬಳ ಕೊಡುತ್ತೇವೆ ಅಂತ. ಆಮೇಲೆ ಆ ವಾಕ್ಯ. ನಿಮಗೆ ಯೋಚನೆ ಮಾಡಲು ಪೂರ್ತಿ ಸ್ವಾತಂತ್ರ್ಯ ಇರುತ್ತದೆ, ಅದನ್ನು ಬಳಸಿಕೊಂಡು ಇಲ್ಲಿನ ಧರ್ಮಕ್ಕೆ ನೀವು ಧಕ್ಕೆ ತರುವುದಿಲ್ಲ ಎಂದು ದೊರೆಗಳು ನಂಬಿದ್ದಾರೆ.

ಎಷ್ಟು ನಯವಾದ ಮಾತು ನೋಡಿ. ಬೆದರಿಕೆ ಇಲ್ಲ, ಕರಾರು ಪತ್ರ ಇಲ್ಲ. 'ಆದರೆ' ಅನ್ನುವ ಪದ ಕೂಡ ಇಲ್ಲ. ಬರೀ 'ನಂಬಿದ್ದಾರೆ'.

ಸ್ಪಿನೋಜಾ ಸುಮಾರು ಆರು ವಾರ ಯೋಚನೆ ಮಾಡಿದ. ಮಾರ್ಚ್ 30ಕ್ಕೆ ಉತ್ತರ ಬರೆದ. ತುಂಬಾ ಮರ್ಯಾದೆಯಿಂದ, ಬೇಡ ಅಂದ. ಹುಡುಗರಿಗೆ ಪಾಠ ಹೇಳಲು ಕೂತರೆ ನನ್ನ ಸ್ವಂತ ಕೆಲಸ ನಿಂತುಹೋಗುತ್ತದೆ ಅನ್ನುವುದು ಮೊದಲ ಕಾರಣ. ಎರಡನೆಯದು ನನ್ನನ್ನು ಹಿಡಿದು ನಿಲ್ಲಿಸಿದ್ದು. ಧರ್ಮಕ್ಕೆ ಧಕ್ಕೆ ಆಗದಂತೆ ಇರಬೇಕಾದರೆ ನನ್ನ ಸ್ವಾತಂತ್ರ್ಯದ ಗಡಿ ಎಲ್ಲಿ ಹಾಕಿಕೊಳ್ಳಬೇಕು ಅಂತ ನನಗೆ ಗೊತ್ತಿಲ್ಲ. ಇದು ಅವನ ಮಾತಿನ ತಾತ್ಪರ್ಯ.

ಗಡಿ ಎಲ್ಲಿದೆ ಅಂತ ಗೊತ್ತಿಲ್ಲ. ಈ ಮಾತು ನನಗೆ ನಿಜವಾಗಿ ಅರ್ಥ ಆಗಿದ್ದು ಪುಸ್ತಕ ಓದಿ ಅಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕೆ ಭಾಷಣಕ್ಕೆ ಕರೆದಿದ್ದರು. ಯಾವ ಊರು, ಯಾರು ಅನ್ನುವುದು ಬೇಡ. ಕರೆದವರು ಒಳ್ಳೆಯವರು. ಹಿಂದಿನ ದಿನ ಫೋನ್ ಮಾಡಿದರು. "ಸಾರ್, ನಿಮಗೆ ಏನನ್ನಿಸುತ್ತೋ ಅದನ್ನೇ ಮಾತಾಡಿ, ನಮ್ಮದೇನೂ ಅಡ್ಡಿ ಇಲ್ಲ. ಸ್ವಲ್ಪ ಯಾರಿಗೂ ಬೇಜಾರಾಗದ ಹಾಗೆ ನೋಡ್ಕೊಳ್ಳಿ, ಅಷ್ಟೇ." ಆಯ್ತು ಸಾರ್ ಅಂದೆ. ಫೋನ್ ಇಟ್ಟು ನನ್ನ ಟಿಪ್ಪಣಿ ತೆಗೆದೆ. ಪೆನ್ನು ಹಿಡಿದು ಒಂದು ವಾಕ್ಯ ಹೊಡೆದು ಹಾಕಿದೆ. ಮತ್ತೆ ಓದಿದೆ, ಇನ್ನೊಂದು ಹೊಡೆದೆ. ಮೂರನೆಯದು ಯಾರಿಗೂ ಬೇಜಾರು ಮಾಡುವಂಥದ್ದೇ ಅಲ್ಲ. ಆದರೂ ಹೊಡೆದೆ, ಯಾಕೆ ಸುಮ್ನೆ ಅಂತ. ಆ ವಾಕ್ಯ ತೆಗೆಯಿರಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಮರುದಿನ ಚಪ್ಪಾಳೆ ಬಿತ್ತು, ಹಾರ ಹಾಕಿದರು. ಬಸ್ಸಲ್ಲಿ ವಾಪಸ್ ಬರುವಾಗ ಜೇಬಿನಲ್ಲಿ ಆ ಹಾಳೆ ಇತ್ತು, ಮೂರು ಗೀಟು ಹಾಕಿದ್ದು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಗೋಡೆ ಇದ್ದರೆ ಗೋಡೆಯವರೆಗೂ ಹೋಗಬಹುದು, ಮುಟ್ಟಿ ನೋಡಬಹುದು. ಮಂಜು ಕವಿದಿದ್ದರೆ ಹಳ್ಳ ಎಲ್ಲಿದೆಯೋ ಅಂತ ನೂರು ಹೆಜ್ಜೆ ಮೊದಲೇ ನಿಂತುಬಿಡುತ್ತೇವೆ. ಸ್ಪಿನೋಜಾಗೆ ಹೈಡೆಲ್‌ಬರ್ಗಿನ ಆ ನಯವಾದ ವಾಕ್ಯದಲ್ಲಿ ಕಂಡದ್ದು ಇದೇ ಅಂತ ನಾನು ನಂಬುತ್ತೇನೆ. ಯೋಚನೆಯ ಸ್ವಾತಂತ್ರ್ಯ ಅಂದ ಕೂಡಲೇ ನಾವು ಧೈರ್ಯದ ಮಾತು ತೆಗೆಯುತ್ತೇವೆ. ಧೈರ್ಯ ಬೇಕು, ಇಲ್ಲ ಅನ್ನಲ್ಲ. ಆದರೆ ಧೈರ್ಯದ ಪ್ರಶ್ನೆ ಬರುವ ಮೊದಲೇ ಇನ್ನೊಂದು ಪ್ರಶ್ನೆ ಮುಗಿದುಹೋಗಿರುತ್ತದೆ. ಯಾರ ಅನ್ನವನ್ನು, ಯಾವ ಮಾತಿಗೆ ಒಪ್ಪಿಕೊಂಡು ತಿಂದಿರಿ? ಅಲ್ಲಿ ಸೋತವನಿಗೆ ಆಮೇಲೆ ಎಷ್ಟು ಧೈರ್ಯ ಇದ್ದರೂ ಜಾಸ್ತಿ ಪ್ರಯೋಜನ ಇಲ್ಲ.

ಇದನ್ನು ಸ್ಪಿನೋಜಾ ಚಿಕ್ಕ ವಯಸ್ಸಲ್ಲೇ ಕಲಿತಿದ್ದ. ಹುಟ್ಟಿದ್ದು 1632ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿ ಕುಟುಂಬದಲ್ಲಿ, ವ್ಯಾಪಾರದ ಮನೆ. 1656ರ ಜುಲೈ 27ರಂದು, ಅವನಿಗೆ 23 ವರ್ಷ ಇರುವಾಗ, ಸಮುದಾಯದ ಹಿರಿಯರು ಅವನಿಗೆ ಬಹಿಷ್ಕಾರ ಹಾಕಿದರು. ಆಗಿನ್ನೂ ಅವನು ಒಂದು ಪುಸ್ತಕ ಕೂಡ ಅಚ್ಚು ಹಾಕಿಸಿರಲಿಲ್ಲ. ಬಹಿಷ್ಕಾರದ ಆ ಬರಹ ಇವತ್ತಿಗೂ ಉಳಿದಿದೆ. ಯಾರೂ ಅವನ ಜೊತೆ ಮಾತಾಡಬಾರದು, ಪತ್ರ ಬರೆಯಬಾರದು, ಒಂದೇ ಸೂರಿನಡಿ ಇರಬಾರದು, ನಾಲ್ಕು ಮೊಳದಷ್ಟು ಹತ್ತಿರ ಹೋಗಬಾರದು, ಅವನು ಬರೆದದ್ದನ್ನು ಓದಬಾರದು. ನಾಲ್ಕು ಮೊಳ ಅಂದರೆ ಒಂದು ಮಂಚದಷ್ಟು ದೂರ. ಅಷ್ಟು ಲೆಕ್ಕ ಹಾಕಿ ಒಬ್ಬ ಹುಡುಗನನ್ನು ಆಚೆ ಇಟ್ಟರು.

ಆ ಹಿರಿಯರನ್ನು ಬರೀ ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಅವರ ಹಿಂದಿನವರು ಪೋರ್ಚುಗಲ್‌ನಲ್ಲಿ ಬಲವಂತದ ಮತಾಂತರ ಕಂಡವರು, ಅಲ್ಲಿಂದ ಜೀವ ಉಳಿಸಿಕೊಂಡು ಬಂದವರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರಿಗೆ ಜಾಗ ಸಿಕ್ಕಿತ್ತು, ಆದರೆ ಹೊರಗಿನವರಾಗಿಯೇ ಇದ್ದರು. ನಮ್ಮ ಹುಡುಗನೊಬ್ಬ ದೇವರ ಬಗ್ಗೆ ಏನೇನೋ ಹೇಳಿದರೆ ನಾಳೆ ನಮ್ಮನ್ನೆಲ್ಲ ಓಡಿಸಿದರೆ ಅನ್ನುವ ಭಯ ಅವರಿಗೆ ಇದ್ದಿರಲೇಬೇಕು. ಅವರ ತಲೆಯ ಮೇಲೂ ಒಂದು ಸಣ್ಣ 'ಆದರೆ' ತೂಗುತ್ತಿತ್ತು. ಅದನ್ನೇ ಅವರು ಹುಡುಗನ ಮೇಲೆ ಹಾಕಿದರು.

ಬಹಿಷ್ಕಾರಕ್ಕೆ ಮೊದಲು ಒಂದು ಸಂಧಾನವೂ ನಡೆದಿತ್ತಂತೆ. ಸ್ಪಿನೋಜಾ ಸತ್ತ ಮೇಲೆ ಅವನ ಬದುಕು ಬರೆದ ಕೊಲೇರಸ್ ಎಂಬ ಪಾದ್ರಿ ಇದನ್ನು ದಾಖಲಿಸಿದ್ದಾನೆ. ವರ್ಷಕ್ಕೆ 1000 ಗಿಲ್ಡರ್ ಕೊಡುತ್ತೇವೆ, ಆಗಾಗ ಪ್ರಾರ್ಥನೆಗೆ ಬಂದು ಮುಖ ತೋರಿಸಿ ಹೋಗು. ಇವನು ಹತ್ತು ಪಟ್ಟು ಕೊಟ್ಟರೂ ಬೇಡ ಅಂದನಂತೆ.

ಹಾಗಾದರೆ ಹೊಟ್ಟೆಗೆ? ಗಾಜು ಉಜ್ಜುತ್ತಿದ್ದ.

ದುರ್ಬೀನಿಗೆ, ಸೂಕ್ಷ್ಮದರ್ಶಕಕ್ಕೆ ಬೇಕಾದ ಲೆನ್ಸ್ ಮಾಡುವ ಕೆಲಸ. ತಟ್ಟೆಯ ಹಾಗೆ ಒಳಗೆ ತಗ್ಗಿರುವ ಒಂದು ಲೋಹದ ಅಚ್ಚು. ಅದರೊಳಗೆ ಒರಟು ಪುಡಿ, ನೀರು. ಗಾಜಿನ ಬಿಲ್ಲೆಯನ್ನು ಅದರ ಮೇಲೆ ಒತ್ತಿ ತಿರುಗಿಸುತ್ತಾ ಹೋಗಬೇಕು, ಗಂಟೆಗಟ್ಟಲೆ. ಆಮೇಲೆ ಇನ್ನೂ ನಯವಾದ ಪುಡಿ, ಮತ್ತೆ ಅದೇ ಕೆಲಸ. ಕೊನೆಗೆ ಹೊಳಪು. ಒಂದು ಕಡೆ ಒತ್ತಡ ಚೂರು ಜಾಸ್ತಿ ಆದರೆ ಲೆನ್ಸ್ ಹೋಯಿತು. ಕ್ರಿಶ್ಚಿಯಾನ್ ಹೈಗೆನ್ಸ್ ಎಂಬ ದೊಡ್ಡ ವಿಜ್ಞಾನಿ ಅವನ ನೆರೆಯವನೇ. ಶನಿಗ್ರಹದ ಉಂಗುರವನ್ನು ಸರಿಯಾಗಿ ವಿವರಿಸಿದವನು. ಸ್ಪಿನೋಜಾನ ಲೆನ್ಸಿನ ನಯವನ್ನು ಅವನೇ ಮೆಚ್ಚಿ ಬರೆದಿದ್ದಾನೆ. ಆ ಹೈಗೆನ್ಸ್ ಲೆನ್ಸ್ ಉಜ್ಜಲು ಯಂತ್ರ ಮಾಡಿಸುತ್ತಿದ್ದ. ಅದರ ಬಗ್ಗೆ 1665ರಲ್ಲಿ ಒಬ್ಬ ಗೆಳೆಯನಿಗೆ ಬರೆಯುತ್ತಾ ಸ್ಪಿನೋಜಾ ಹೇಳುತ್ತಾನೆ, ಇಂಥ ಕೆಲಸಕ್ಕೆ ಯಾವ ಯಂತ್ರಕ್ಕಿಂತಲೂ ಸ್ವತಂತ್ರವಾದ ಕೈಯೇ ಮೇಲು ಅಂತ ನನ್ನ ಅನುಭವ. ಅವನು ಹೇಳಿದ್ದು ಗಾಜಿನ ಬಗ್ಗೆ ಮಾತ್ರ. ಆದರೂ ಅದನ್ನು ಓದಿದಾಗಲೆಲ್ಲ ನಾನು ಒಂದು ನಿಮಿಷ ಪುಸ್ತಕ ಮುಚ್ಚಿ ಕೂರುತ್ತೇನೆ.

ಅವನ ಊಟದ ಲೆಕ್ಕವೂ ಸಿಕ್ಕಿದೆ. ಅವನ ಕಾಗದಗಳ ನಡುವೆ ಇದ್ದ ಚೀಟಿ ನೋಡಿ ಕೊಲೇರಸ್ ಬರೆಯುತ್ತಾನೆ. ಒಂದು ದಿನ ಬೆಣ್ಣೆ ಹಾಕಿದ ಹಾಲಿನ ಗಂಜಿ, ಒಂದು ಲೋಟ ಬಿಯರ್. ಇನ್ನೊಂದು ದಿನ ಬರೀ ದ್ರಾಕ್ಷಿ, ಬೆಣ್ಣೆ ಹಾಕಿದ ಅಂಬಲಿ. ಎಲ್ಲ ಸೇರಿ ಪುಡಿಗಾಸು.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಉಂಡ ಮನೆಗೆ ಎರಡು ಬಗೆಯಬಾರದು. ಚಿಕ್ಕಂದಿನಿಂದ ಕೇಳಿದ್ದೇವೆ. ನಿಯತ್ತಿನ ಪಾಠ ಅಂತ ಹೇಳಿಕೊಡುತ್ತಾರೆ. ಒಳ್ಳೆ ಪಾಠವೇ. ಆದರೆ ಅದನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಉಂಡ ಮನೆಗೆ ಎರಡು ಬಗೆಯಲು ಆಗುವುದಿಲ್ಲ ಅಂತ ಗೊತ್ತಿದ್ದರೆ, ಉಣ್ಣುವ ಮೊದಲೇ ಯೋಚನೆ ಮಾಡಬೇಕು. ಸ್ಪಿನೋಜಾ ಮಾಡಿದ್ದು ಅದನ್ನೇ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಸ್ಪಿನೋಜಾ ಬರೀ ಲೆನ್ಸಿನ ದುಡ್ಡಲ್ಲಿ ಬದುಕಿದ ಅಂತ ಕಥೆ ಹೇಳುವವರಿದ್ದಾರೆ. ಪೂರ್ತಿ ನಿಜ ಅಲ್ಲ. ಗೆಳೆಯರ ಸಹಾಯ ಇತ್ತು. ಸಿಮೋನ್ ಡಿ ವ್ರೀಸ್ ಎಂಬ ಗೆಳೆಯ ತನ್ನ ಆಸ್ತಿಯನ್ನೇ ಇವನ ಹೆಸರಿಗೆ ಬರೆಯಲು ಹೊರಟಿದ್ದ. ನಿನ್ನ ಒಡಹುಟ್ಟಿದವನು ಇದ್ದಾನೆ, ಅವನಿಗೆ ಹೋಗಬೇಕಾದದ್ದು ಅಂತ ಇವನು ತಡೆದ. ಆಮೇಲೆ ವರ್ಷಕ್ಕೆ 500 ಗಿಲ್ಡರ್ ಕೊಡುವ ಏರ್ಪಾಡಾಯಿತು. ಇವನು 300 ಸಾಕು ಅಂದ. ಅಂದರೆ ಬೇರೆಯವರ ದುಡ್ಡು ಮುಟ್ಟುವುದೇ ಇಲ್ಲ ಅನ್ನುವ ಹಟ ಅವನಿಗೆ ಇರಲಿಲ್ಲ. ಆ ದುಡ್ಡಿನ ಹಿಂದೆ ಇಂಥದ್ದು ಬರಿ, ಇಂಥದ್ದು ಬೇಡ ಅನ್ನುವ ಮಾತು ಇರಲಿಲ್ಲ, ಅಷ್ಟೇ. ಇರಲಿಲ್ಲ ಅಂತ ಗೊತ್ತಿದ್ದೂ ಕಡಿಮೆ ಮಾಡಿಕೊಂಡ.

ಈಗ ಇದರ ಪಕ್ಕದಲ್ಲಿ ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನನ್ನು ಇಟ್ಟು ನೋಡಿ. ನಿಮ್ಮ ಬುದ್ಧಿಯನ್ನು ನೀವೇ ಬಳಸುವ ಧೈರ್ಯ ಮಾಡಿ ಅಂತ ಇಡೀ ಯುರೋಪಿಗೆ ಹೇಳಿದವನು ಅವನೇ. 1784ರಲ್ಲಿ ಬರ್ಲಿನ್‌ನ ಒಂದು ಮಾಸಪತ್ರಿಕೆಯಲ್ಲಿ ಬಂದ ಲೇಖನ ಅದು. ನಾನು ಇಪ್ಪತ್ತರ ವಯಸ್ಸಲ್ಲಿ ಅದನ್ನು ಓದಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಆದರೆ ಅದೇ ಲೇಖನದಲ್ಲಿ ಅವನು ತನ್ನ ರಾಜ ಫ್ರೆಡೆರಿಕ್‌ನ ಮಾತೊಂದನ್ನು ಹೊಗಳುತ್ತಾನೆ. ಎಷ್ಟು ಬೇಕಾದರೂ, ಯಾವುದರ ಬಗ್ಗೆ ಬೇಕಾದರೂ ವಾದ ಮಾಡಿ, ಆದರೆ ಹೇಳಿದಂತೆ ಕೇಳಿ. ಅಗೋ, ಬಂತಲ್ಲ 'ಆದರೆ'.

ಆ ರಾಜ ಒಳ್ಳೆಯವನಾಗಿದ್ದಷ್ಟು ದಿನ ಅದು ನಡೆಯಿತು. 1786ರಲ್ಲಿ ಅವನು ಸತ್ತ, ಅವನ ತಮ್ಮನ ಮಗ ಪಟ್ಟಕ್ಕೆ ಬಂದ. 1794ರ ಅಕ್ಟೋಬರಿನಲ್ಲಿ ಕಾಂಟ್‌ಗೆ ಅರಮನೆಯಿಂದ ಆಜ್ಞೆ ಬಂತು. ಧರ್ಮದ ಬಗ್ಗೆ ನೀನು ಬರೆದದ್ದು ಸರಿಯಿಲ್ಲ, ಮುಂದೆ ಹೀಗೆ ಮಾಡಿದರೆ ಪರಿಣಾಮ ನೆಟ್ಟಗಿರುವುದಿಲ್ಲ ಅಂತ. ಕಾಂಟ್‌ಗೆ ಆಗ 70 ವರ್ಷ. ಸರ್ಕಾರದ ಸಂಬಳ ತಿನ್ನುವ ಪ್ರೊಫೆಸರ್. ತಾನು ಬರೆದದ್ದು ತಪ್ಪು ಅಂತ ಅವನು ಒಪ್ಪಲಿಲ್ಲ, ಆ ಮಾತು ಮುಖ್ಯ. ಆದರೆ ನಿಮ್ಮ ಅತ್ಯಂತ ನಿಷ್ಠಾವಂತ ಪ್ರಜೆಯಾಗಿ ಇನ್ನು ಧರ್ಮದ ಬಗ್ಗೆ ಸಾರ್ವಜನಿಕವಾಗಿ ಮಾತಾಡುವುದಿಲ್ಲ ಅಂತ ಬರೆದುಕೊಟ್ಟ. 1797ರಲ್ಲಿ ಆ ರಾಜನೂ ಸತ್ತ. ಕೂಡಲೇ ಕಾಂಟ್, ನಾನು ಮಾತು ಕೊಟ್ಟದ್ದು ಆ ರಾಜನ ಪ್ರಜೆಯಾಗಿ, ಈಗ ಅವನೇ ಇಲ್ಲ ಅಂದ. 1798ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಪತ್ರವನ್ನೇ ಹಾಕಿ, ಪದಗಳನ್ನು ಬೇಕೆಂದೇ ಹಾಗೆ ಆರಿಸಿದ್ದೆ ಅಂತ ಹೇಳಿಕೊಂಡ.

ಕಾಂಟ್ ಹೇಡಿ ಅಂತ ನಾನು ಹೇಳಲಾರೆ. ಎಪ್ಪತ್ತರ ಮುದುಕನನ್ನು ಹಾಗೆ ಅನ್ನಲು ನಾಲಿಗೆ ಬರುವುದಿಲ್ಲ. ನನಗೆ ದುಃಖ ಆಗುವುದು ಬೇರೆಯದಕ್ಕೆ. ಯುರೋಪಿನ ಅಷ್ಟು ದೊಡ್ಡ ತಲೆ ಮೂರು ವರ್ಷ ಕಾದದ್ದು ಒಬ್ಬ ಸಾಧಾರಣ ರಾಜನ ಸಾವಿಗೆ.

ಸ್ಪಿನೋಜಾ ಕೂಡ ಬಾಯಿಗೆ ಬಂದದ್ದೆಲ್ಲ ಹೇಳಿದವನಲ್ಲವಲ್ಲ ಅಂತ ನೀವು ಕೇಳಬಹುದು. ಹೌದು. ಅವನ ಮುದ್ರೆಯುಂಗುರದ ಮೇಲೆ ಇದ್ದ ಲ್ಯಾಟಿನ್ ಪದ 'ಕಾಉಟೆ', ಹುಷಾರು ಅಂತ ಅರ್ಥ. ಸ್ವತಂತ್ರ ನಾಡಿನಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದ್ದು ಯೋಚಿಸಬಹುದು, ಯೋಚಿಸಿದ್ದನ್ನು ಹೇಳಬಹುದು ಎಂದು ವಾದಿಸಿದ ಪುಸ್ತಕವನ್ನು 1670ರಲ್ಲಿ ಹೊರತಂದಾಗ ತನ್ನ ಹೆಸರೇ ಹಾಕಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದದ್ದಕ್ಕೆ ಹ್ಯಾಂಬರ್ಗ್ ಅಂತ ಸುಳ್ಳು ವಿಳಾಸ. ಡಚ್ ಭಾಷೆಗೆ ಅನುವಾದ ಆಗುತ್ತಿದೆ ಅಂತ ಗೊತ್ತಾದಾಗ ದಯವಿಟ್ಟು ನಿಲ್ಲಿಸಿ ಅಂತ ಗೆಳೆಯನಿಗೆ ಬರೆದ. ಯಾಕೆ ಅಂತೀರಾ? ಅವನ ಗೆಳೆಯರ ಬಳಗದ ಆಡ್ರಿಯಾನ್ ಕೂರ್ಬಾಖ್ ಇಂಥದ್ದೇ ವಿಚಾರಗಳನ್ನು ಜನರಿಗೆ ಅರ್ಥವಾಗುವ ಡಚ್ಚಿನಲ್ಲೇ ಬರೆದಿದ್ದ. 1668ರಲ್ಲಿ ಅವನಿಗೆ ಹತ್ತು ವರ್ಷ ಸಜೆ ಆಯಿತು. ಒಂದು ವರ್ಷ ದಾಟಿ ಸ್ವಲ್ಪ ತಿಂಗಳಿಗೇ, 1669ರಲ್ಲಿ, ಜೈಲಿನಲ್ಲೇ ಸತ್ತ.

ಹಾಗಾಗಿ ಸುಮ್ಮನಿರುವುದೆಲ್ಲ ಒಂದೇ ಅಲ್ಲ. ಯಾವಾಗ ಬಾಯಿ ಮುಚ್ಚಬೇಕು ಅಂತ ನಾನೇ ತೀರ್ಮಾನ ಮಾಡಿದರೆ ಬಾಗಿಲ ಚಿಲಕ ನನ್ನ ಕಡೆ ಇರುತ್ತದೆ. ಸಂಬಳಕ್ಕೋ ಸನ್ಮಾನಕ್ಕೋ ಮಾತು ಕೊಟ್ಟು ಮುಚ್ಚಿದರೆ ಚಿಲಕ ಆಚೆ ಕಡೆ. ಒಳಗೆ ಕೂತವನು ಹೊರಗಿನವರಿಗೆ ಒಂದೇ ಥರ ಕಾಣುತ್ತಾನೆ. ಕೂತವನಿಗೆ ಮಾತ್ರ ವ್ಯತ್ಯಾಸ ಗೊತ್ತು. ಬಾಡಿಗೆ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಸ್ಪಿನೋಜಾ ತನ್ನ ದೊಡ್ಡ ಪುಸ್ತಕ 'ಎಥಿಕ್ಸ್' ಬರೆದು ಮುಗಿಸಿದ. ಒಂದು ಪದವನ್ನೂ ಯಾರ ಮುಖ ನೋಡಿ ಬದಲಿಸಬೇಕಾಗಿರಲಿಲ್ಲ. 1675ರಲ್ಲಿ ಅಚ್ಚು ಹಾಕಿಸಲು ಹೊರಟ, ಗಾಳಿಸುದ್ದಿ ಎದ್ದಿತು, ನಿಲ್ಲಿಸಿದ. ಹಸ್ತಪ್ರತಿಯನ್ನು ಮೇಜಿನೊಳಗೆ ಇಟ್ಟು ಬೀಗ ಹಾಕಿದ.

1677ರ ಫೆಬ್ರವರಿ 21ರಂದು ಅವನು ತೀರಿಕೊಂಡ. 44 ವರ್ಷ, ಶ್ವಾಸಕೋಶದ ಕಾಯಿಲೆ. ಅಷ್ಟು ವರ್ಷ ಗಾಜಿನ ಧೂಳು ಕುಡಿದದ್ದು ಅದನ್ನು ಹೆಚ್ಚು ಮಾಡಿರಬಹುದು ಅಂತ ಹೇಳುವವರು ಬಹಳ ಜನ. ಸಾಯುವ ಮೊದಲೇ ಮನೆಯ ಯಜಮಾನನಿಗೆ ಹೇಳಿಟ್ಟಿದ್ದ, ನಾನು ಹೋದ ತಕ್ಷಣ ಈ ಮೇಜನ್ನು ಆಮ್‌ಸ್ಟರ್‌ಡ್ಯಾಮಿನ ಮುದ್ರಕ ರಿಯೂವರ್ಟ್ಸ್‌ಗೆ ಕಳಿಸಿಬಿಡು. ಆ ಚಿತ್ರಕಾರ ಮಾತು ಉಳಿಸಿಕೊಂಡ. ಮೇಜು ದೋಣಿ ಹತ್ತಿ ಹೋಯಿತು. ಆ ವರ್ಷ ಮುಗಿಯುವುದರೊಳಗೆ ಪುಸ್ತಕ ಅಚ್ಚಾಯಿತು, ಲೇಖಕನ ಜಾಗದಲ್ಲಿ ಬರೀ ಮೂರು ಅಕ್ಷರ.

ಮೇಜು ಯಾರಿಗೆ ಹೋಯಿತು ಅಂತ ಅವನ ನೆಂಟರು ಹುಡುಕಾಡಿದರಂತೆ. ಅದರ ತುಂಬಾ ದುಡ್ಡಿದೆ ಅಂದುಕೊಂಡಿದ್ದರು.