ವಿಶ್ವ ಇತಿಹಾಸ ಓದಬೇಕಾ? ಕಾಫಿಯಿಂದ ಶುರು ಮಾಡಿ

ಎಲ್ಲರಿಗೂ ನಮಸ್ಕಾರ. ಜಗತ್ತಿನ ಇತಿಹಾಸ ಓದಬೇಕು, ಯಾವ ಪುಸ್ತಕ ಅಂತ ತುಂಬಾ ಜನ ಕೇಳುತ್ತೀರಿ. ಆದಿಮಾನವನಿಂದ ಇವತ್ತಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವ ದಪ್ಪ ಪುಸ್ತಕ ಮೊದಲಿಗೆ ಬೇಡ. ನಾವು ಕೊಡಗಿನವರು, ಕಾಫಿ ಹಿಡಿದೇ ಹೊರಡೋಣ.

ಮೊದಲು ಸಿ.ಎಲ್.ಆರ್. ಜೇಮ್ಸ್ ಬರೆದ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ ಓದಿ. 1938ರದ್ದು. ಕಥೆ ನಡೆಯೋದು ಕೆರಿಬಿಯನ್ ಸಮುದ್ರದ ಇವತ್ತಿನ ಹೈಟಿಯಲ್ಲಿ, ಹದಿನೆಂಟನೇ ಶತಮಾನದಲ್ಲಿ ಅದು ಫ್ರಾನ್ಸಿನ ಕೈಯಲ್ಲಿತ್ತು. 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲಿಯದೇ. ಬೆಳೆಯುತ್ತಿದ್ದವರು ಗುಲಾಮರು. ಅವರು 1791ರಲ್ಲಿ ತಿರುಗಿಬಿದ್ದು, ತೋಟಗಳಿಗೆ ಬೆಂಕಿ ಇಟ್ಟು, ಕೊನೆಗೆ ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರಲ್ಲಿ ತಮ್ಮದೇ ದೇಶ ಕಟ್ಟಿಕೊಂಡರು. ಮುಂದಾಳು ಟೂಸಾಂ ಲೂವರ್ತೂರ್, ಗುಲಾಮನಾಗಿ ಹುಟ್ಟಿ ಧಣಿಯ ಕುದುರೆಗಾಡಿ ಓಡಿಸುತ್ತಿದ್ದವನು. ಫ್ರೆಂಚರು ಅವನನ್ನು ಮಾತುಕತೆಗೆ ಅಂತ ಕರೆಸಿ, ಮೋಸದಿಂದ ಹಿಡಿದು, ಫ್ರಾನ್ಸಿನ ಬೆಟ್ಟದ ಕೋಟೆಯೊಂದರಲ್ಲಿ ಕೂಡಿಹಾಕಿದರು. ಚಳಿ ಕಾಯಿಸಲು ಕೊಡುತ್ತಿದ್ದ ಸೌದೆಯನ್ನೂ ಕಡಿಮೆ ಮಾಡಿದರು. 1803ರಲ್ಲಿ ಅಲ್ಲೇ ತೀರಿಕೊಂಡ. ಆ ಪುಟಗಳನ್ನು ಓದುವಾಗ ಹೊಟ್ಟೆ ಉರಿಯುತ್ತೆ. ಇಷ್ಟಾದ ಮೇಲೂ 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ, ಹಳೇ ಧಣಿಗಳ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕಟ್ಟಿ ಅಂತ ಅದೇ ಹೈಟಿಯನ್ನು ಹೆದರಿಸಿತು!

ಆಮೇಲೆ ಮಾರ್ಕ್ ಪೆಂಡರ್‌ಗ್ರಾಸ್ಟ್‌ನ ‘ಅನ್‌ಕಾಮನ್ ಗ್ರೌಂಡ್ಸ್’, ಕಾಫಿಯದೇ ಇತಿಹಾಸ, 1999ರದ್ದು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾದರೆ ನಮ್ಮ ಗೋಣಿಕೊಪ್ಪದಲ್ಲಿ ಕಾಫಿ ರೇಟ್ ಏರುತ್ತೆ, ಕಣದಲ್ಲಿ ಕಾಫಿ ಹಣ್ಣು ಒಣಗಿಸುವವರಿಗೆಲ್ಲ ಗೊತ್ತಿರೋದೇ. ಆದರೆ ಇದೇ ಬ್ರೆಜಿಲ್ 1930ರ ದಶಕದಲ್ಲಿ ರೇಟ್ ಬಿದ್ದುಹೋಯಿತು ಅಂತ ಕೋಟ್ಯಂತರ ಮೂಟೆ ಕಾಫಿಯನ್ನು ಸುಟ್ಟುಹಾಕಿತ್ತು. ಇಂಥ ವಿವರ ಇದರಲ್ಲಿ ಬೇಕಾದಷ್ಟಿದೆ. ಅಮೆರಿಕದ ಕಂಪನಿಗಳ ಕಥೆ ಮಾತ್ರ ಸ್ವಲ್ಪ ಜಾಸ್ತಿಯಾಯಿತು, ಬೇಜಾರಾದರೆ ಅಲ್ಲಲ್ಲಿ ಪುಟ ತಿರುಗಿಸಿ. ಭಾರತದ ವಿಷಯ ತೀರಾ ಕಡಿಮೆ.

ಇವನ್ನು ಓದಿದ ಮೇಲೆ ನಮ್ಮ ತೋಟದ ಕೂಲಿಯವರ ಲೈನ್ ಮನೆಗಳ ಮುಂದೆ ಸುಮ್ನೆ ನಡೆದು ಹೋಗೋಕೆ ಆಗಲ್ಲ. ಇಲ್ಲಿರುವವರ ಅಜ್ಜ ಅಜ್ಜಿ ಎಲ್ಲಿಂದ ಬಂದರು, ಯಾರು ಕರೆತಂದರು, ಎಷ್ಟು ಕೂಲಿ ಕೊಟ್ಟರು? ಬರೆದಿಟ್ಟವರು ಯಾರು? ಜೇಮ್ಸ್ ಪ್ಯಾರಿಸ್‌ನಲ್ಲಿ ಕೂತು ಹಳೇ ದಾಖಲೆ ಓದಿಯೇ ಹೈಟಿಯ ಕಥೆ ಬರೆದದ್ದು, ದಾಖಲೆ ಉಳಿದಿತ್ತು ಅಲ್ವಾ? ನಿಮ್ಮ ಮನೆ ಅಟ್ಟದಲ್ಲಿ ತೋಟದ ಹಳೇ ಚೆಕ್‌ರೋಲ್ ಪುಸ್ತಕ, ಅಂದರೆ ಕೂಲಿಯವರ ಹಾಜರಿ-ಕೂಲಿ ಲೆಕ್ಕದ ಪುಸ್ತಕ, ಇದ್ದರೆ, ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದೊಂದು ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ನನಗೂ ಕಳಿಸಿ.