ಪಾಪ್‌ಕಾರ್ನ್ ರುಚಿಯ ಗೋಧಿ ಬಿಯರ್

ನಮಸ್ಕಾರ. ಈ ಬಕೆಟ್ ತುಂಬ ಇರುವುದು ಪಾಪ್‌ಕಾರ್ನ್. ಉಪ್ಪಿಲ್ಲ, ಎಣ್ಣೆಯಿಲ್ಲ, ಬೆಣ್ಣೆಯಂತೂ ಇಲ್ಲವೇ ಇಲ್ಲ. ತಿನ್ನುವುದಕ್ಕಲ್ಲ, ಇವತ್ತು ಇದು ಬಿಯರ್ ಆಗುತ್ತದೆ.

ಮೊದಲೇ ಒಂದು ಮಾತು. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಕೆಲವು ಕಡೆ ಅನುಮತಿ ಇದೆ, ಕೆಲವು ಕಡೆ ಇಲ್ಲ. ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆ ಅಂತ ನೋಡಿಕೊಂಡೇ ಪಾತ್ರೆಗೆ ಕೈ ಹಾಕಿ.

ಗೋಧಿ ಬಿಯರ್ ಅಂದ ಕೂಡಲೇ ಬಾಳೆಹಣ್ಣು, ಲವಂಗದ ಘಮ ನೆನಪಾಗುತ್ತದೆ, ಅಲ್ವಾ? ಜರ್ಮನಿಯ ಬವೇರಿಯಾದ ಹೆಫೆವೈಜೆನ್ ಅನ್ನುವ ಗೋಧಿ ಬಿಯರ್ ಕುಡಿದವರಿಗೆ ಅದು ಗೊತ್ತು. ಆದರೆ ಆ ಘಮ ಗೋಧಿಯದ್ದಲ್ಲ, ಈಸ್ಟ್‌ನದ್ದು. ಬಾಳೆಹಣ್ಣಿನ ಘಮಕ್ಕೆ ಐಸೊಅಮೈಲ್ ಅಸಿಟೇಟ್ ಕಾರಣ, ಲವಂಗದ್ದಕ್ಕೆ 4-ವಿನೈಲ್ ಗ್ವಾಯಕಾಲ್. ಪಾಪ್‌ಕಾರ್ನ್ ಜೊತೆ ಇವೆರಡೂ ಸೇರಿದರೆ ಕಲಸುಮೇಲೋಗರ. ಅದಕ್ಕೇ ನಾನು ಅಮೆರಿಕನ್ ಏಲ್ ಈಸ್ಟ್ ತಂದಿದ್ದೇನೆ. ಅದು ತನ್ನ ವಾಸನೆ ಜಾಸ್ತಿ ಬಿಡುವುದಿಲ್ಲ. ಸುಮ್ನೆ ಸಕ್ಕರೆ ತಿಂದು ಕೆಲಸ ಮುಗಿಸುತ್ತದೆ.

ಈಗ ಅಸಲು ವಿಷಯ. ಬಿಯರ್‌ಗೆ ಪಾಪ್‌ಕಾರ್ನ್ ಹಾಕಿದರೆ ಪಾಪ್‌ಕಾರ್ನ್ ರುಚಿ ಬರುವುದಿಲ್ಲ. ಮೆಕ್ಕೆಜೋಳದ ಈ ಅರಳಿನಲ್ಲಿರುವುದು ಬಹುಪಾಲು ಪಿಷ್ಟ. ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಕಿಣ್ವಗಳು ಅದನ್ನು ಸಕ್ಕರೆ ಮಾಡುತ್ತವೆ, ಈಸ್ಟ್ ಆ ಸಕ್ಕರೆಯನ್ನು ತಿಂದುಬಿಡುತ್ತದೆ. ಇನ್ನು ಆ ಬಿಸಿ ಬಿಸಿ ಘಮ? ಅದಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ವಸ್ತು. ಬ್ರೆಡ್ಡಿನ ಕಂದು ಅಂಚಿನಲ್ಲೂ ಇದೇ ಇರುತ್ತದೆ. ಇದು ಬಲು ಬೇಗ ಆರಿಹೋಗುವ ಜಾತಿ. ಒಂದು ಗಂಟೆ ಕುದಿಸಿದ ಮೇಲೆ ಎಷ್ಟು ಉಳಿದೀತು, ನೀವೇ ಹೇಳಿ.

ಹಾಗಾದರೆ ಅರಳು ಯಾಕೆ ಹಾಕಬೇಕು? ಹಾಕದೆಯೂ ನಡೆಯುತ್ತದೆ. ಆದರೆ ಜೋಳ ಬಿಯರ್‌ನ ಮೈಯನ್ನು ಹಗುರ ಮಾಡುತ್ತದೆ, ಹಿಂದೆ ಒಂದು ಸಣ್ಣ ಸಿಹಿ ಬಿಡುತ್ತದೆ. ಇನ್ನೊಂದು ಅನುಕೂಲವೂ ಇದೆ. ಹಸಿ ಜೋಳವಾದರೆ ಮೊದಲು ಬೇರೆ ಬೇಯಿಸಿಕೊಳ್ಳಬೇಕು, ಇಲ್ಲದಿದ್ದರೆ ಪಿಷ್ಟ ಬಿಟ್ಟುಕೊಡುವುದಿಲ್ಲ. ಅರಳಿಗೆ ಆ ರಗಳೆಯಿಲ್ಲ. ಕಾಳಿನೊಳಗಿನ ನೀರು ಸುಮಾರು 180 ಡಿಗ್ರಿಯಲ್ಲಿ ಆವಿಯಾಗಿ ಸಿಪ್ಪೆ ಒಡೆಯುವ ಹೊತ್ತಿಗೇ ಪಿಷ್ಟ ಬೆಂದು ಉಬ್ಬಿರುತ್ತದೆ. ನೇರವಾಗಿ ಮ್ಯಾಶ್‌ಗೆ, ಅಂದರೆ ಮಾಲ್ಟ್ ನೆನೆಯುವ ಬಿಸಿ ನೀರಿಗೆ ಸುರಿಯಬಹುದು. ಒಂದೇ ಷರತ್ತು, ಎಣ್ಣೆ ಮುಟ್ಟಿಸದೆ ಬಿಸಿ ಗಾಳಿಯಲ್ಲಿ ಅರಳಿಸಿರಬೇಕು. ಜಿಡ್ಡು ನೊರೆಯ ಶತ್ರು. ಗೋಧಿ ಬಿಯರ್‌ನ ಅಂದವೇ ಆ ದಪ್ಪ ನೊರೆ. ಗೋಧಿಯ ಪ್ರೋಟೀನ್ ಕಷ್ಟಪಟ್ಟು ಕಟ್ಟಿದ್ದನ್ನು ಎಣ್ಣೆ ಇಳಿಸಿಬಿಡುತ್ತದೆ.

20 ಲೀಟರ್‌ಗೆ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಗೋಧಿ ಮಾಲ್ಟ್ 2.2 ಕಿಲೋ, ಬಾರ್ಲಿಯ ಪೇಲ್ ಮಾಲ್ಟ್ 1.6 ಕಿಲೋ, ಅರಳು 400 ಗ್ರಾಂ, ಬಿಸ್ಕೆಟ್ ಮಾಲ್ಟ್ 300 ಗ್ರಾಂ. ಪಾಪ್‌ಕಾರ್ನ್‌ನ ಹುರಿದ ರುಚಿ ಬರುವುದು ಈ ಕೊನೆಯ 300 ಗ್ರಾಂನಿಂದಲೇ. ಬಿಸ್ಕೆಟ್ ಮಾಲ್ಟ್ ಸಿಗದಿದ್ದರೆ ಪೇಲ್ ಮಾಲ್ಟನ್ನೇ ಅವನ್‌ನಲ್ಲಿ 175 ಡಿಗ್ರಿಗೆ ಕಾಲು ಗಂಟೆ ಹುರಿದುಕೊಳ್ಳಿ. ಮಧ್ಯೆ ಮಧ್ಯೆ ಕೈಯಾಡಿಸಿ. ಅಡುಗೆಮನೆ ಘಮ ಅನ್ನುವಾಗ ತೆಗೆಯಿರಿ, ಕಪ್ಪಾಗುವವರೆಗೆ ಕಾಯಬೇಡಿ.

400 ಗ್ರಾಂ ಅರಳು ಅಂದರೆ ಎಷ್ಟು ಅಂತ ಬಕೆಟ್‌ನಲ್ಲಿ ನೋಡಿದಿರಲ್ಲ, ಹತ್ತಿರ ಹತ್ತಿರ 15 ಲೀಟರ್ ಜಾಗ. ಈಗ ಬಿಸಿ ನೀರಿಗೆ ಸುರಿಯುತ್ತಿದ್ದೇನೆ. ನೋಡಿ, ನೋಡಿ... ಅಷ್ಟೂ ಕುಸಿದು ಗಂಜಿಯಾಯಿತು. ಈ ದೃಶ್ಯಕ್ಕಾಗಿಯಾದರೂ ಅರಳು ಹಾಕಬೇಕು ಅಂತ ನನ್ನ ವಾದ.

ಮ್ಯಾಶ್ 66 ಡಿಗ್ರಿಯಲ್ಲಿ ಒಂದು ಗಂಟೆ. ಗೋಧಿಗೆ ಬಾರ್ಲಿಯ ಹಾಗೆ ಹೊಟ್ಟು ಇರುವುದಿಲ್ಲ, ಅದಕ್ಕೇ ಸೋಸುವಾಗ ಕಟ್ಟಿಕೊಳ್ಳುತ್ತದೆ. ಒಂದೆರಡು ಹಿಡಿ ತೊಳೆದ ಭತ್ತದ ಹೊಟ್ಟು ಬೆರೆಸಿದರೆ ರಸ ಸಲೀಸಾಗಿ ಇಳಿಯುತ್ತದೆ. ಆಮೇಲೆ ಒಂದು ಗಂಟೆ ಕುದಿ, ಮುಚ್ಚಳ ಹಾಕದೆ. ಮುಚ್ಚಿದರೆ ಡೈಮೀಥೈಲ್ ಸಲ್ಫೈಡ್ ಹೊರಗೆ ಹೋಗುವುದಿಲ್ಲ, ಬೇಯಿಸಿದ ಜೋಳದ ವಾಸನೆ ಉಳಿಯುತ್ತದೆ. ನಮಗೆ ಬೇಕಾಗಿರುವುದು ಹುರಿದದ್ದು, ಬೇಯಿಸಿದ್ದಲ್ಲ. ಕಹಿ ಕೊಡುವ ಹಾಪ್ಸ್ ಹೂವು ಹೆಸರಿಗಷ್ಟೇ. ಕಹಿ ಜಾಸ್ತಿಯಾದರೆ ಕೊನೆಗೆ ಹಾಕುವ ಉಪ್ಪಿನ ಜೊತೆ ಜಗಳವಾಡುತ್ತದೆ.

ತಣ್ಣಗಾದ ಮೇಲೆ ಈಸ್ಟ್. 18ರಿಂದ 20 ಡಿಗ್ರಿಯಲ್ಲಿ ಬಿಟ್ಟುಬಿಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಬೆಣ್ಣೆ ಎಲ್ಲಿ? ತಮಾಷೆ ಏನೆಂದರೆ ಬೆಣ್ಣೆಯ ವಾಸನೆಯನ್ನು ಈಸ್ಟೇ ತಯಾರಿಸುತ್ತದೆ. ಅದರ ಹೆಸರು ಡೈಅಸಿಟೈಲ್. ಕೃತಕ ಬೆಣ್ಣೆ ಎಸೆನ್ಸ್‌ನಲ್ಲಿ ಬಳಸುವುದೂ ಇದನ್ನೇ. ಅಂದಮೇಲೆ ಹುದುಗುವಿಕೆಯನ್ನು ಅರ್ಧಕ್ಕೆ ತಣ್ಣಗೆ ಮಾಡಿ ಡೈಅಸಿಟೈಲ್ ಉಳಿಸಿಕೊಂಡರೆ ಬೆಣ್ಣೆ ಪಾಪ್‌ಕಾರ್ನ್ ಆಯಿತಲ್ಲ? ನನಗೆ ಒಪ್ಪಿಗೆಯಿಲ್ಲ. ಮೊದಲ ಗುಟುಕು ಚೆನ್ನಾಗಿರುತ್ತದೆ, ಅರ್ಧ ಗ್ಲಾಸ್‌ಗೆ ನಾಲಿಗೆ ಮೇಲೆ ಜಿಡ್ಡು ಹತ್ತಿದಂತೆ ಅನಿಸಿ ಸಾಕಾಗುತ್ತದೆ. ಮೇಲಾಗಿ ಹುದುಗು ಮುಗಿಯದ ಬಿಯರ್ ಬಾಟಲಿಗೆ ಹೋದರೆ ಒಳಗೇ ಅನಿಲ ಹೆಚ್ಚಿ ಬಾಟಲಿ ಸಿಡಿಯಬಹುದು. ಎಸೆನ್ಸ್ ತಂದು ಬಿಸಿ ಪಾತ್ರೆಗೆ ಸುರಿಯುವ ಯೋಚನೆಯೂ ಬೇಡ. 2000ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಲ್ಲಿ ಗಂಭೀರ ಶ್ವಾಸಕೋಶದ ಕಾಯಿಲೆ ಕಂಡುಬಂತು. ಬೆಣ್ಣೆ ಎಸೆನ್ಸ್‌ನ ಆವಿ ಉಸಿರಾಡಿದ್ದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಹುದುಗು ಮುಗಿದ ಮೇಲೆ ಇನ್ನೆರಡು ಮೂರು ದಿನ ಹಾಗೇ ಬಿಡಿ, ಈಸ್ಟ್ ತಾನು ಮಾಡಿದ ಬೆಣ್ಣೆಯನ್ನು ತಾನೇ ತಿಂದುಕೊಳ್ಳುತ್ತದೆ.

ಬೆಣ್ಣೆಯ ಜಾಗ ತುಂಬುವುದು ಉಪ್ಪು. ಬಿಯರ್‌ಗೆ ಉಪ್ಪಾ ಅಂತ ಮೂಗು ಮುರಿಯಬೇಡಿ. ಜರ್ಮನಿಯ ಗೋಸ್ಲಾರ್ ಊರಿನ ಗೋಜೆ ಅನ್ನುವ ಗೋಧಿ ಬಿಯರ್‌ಗೆ ಉಪ್ಪು, ಕೊತ್ತಂಬರಿ ಬೀಜ ಎರಡನ್ನೂ ಹಾಕುತ್ತಾರೆ. ಅದೇ ಜರ್ಮನಿಯ ಬವೇರಿಯಾದಲ್ಲಿ 1516ರ ಶಾಸನ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಅಂದಿತ್ತು. ಆ ಲೆಕ್ಕದಲ್ಲಿ ನನ್ನ ಗೋಧಿಯೂ ತಪ್ಪು, ಜೋಳವೂ ತಪ್ಪು, ಉಪ್ಪೂ ತಪ್ಪು.

ಉಪ್ಪನ್ನು ಅಂದಾಜಿನಲ್ಲಿ ಹಾಕಬೇಡಿ. ಅಯೋಡಿನ್ ಇಲ್ಲದ ಉಪ್ಪು 10 ಗ್ರಾಂ ತೆಗೆದುಕೊಂಡು ನೀರಲ್ಲಿ ಕರಗಿಸಿ, ಒಟ್ಟು 100 ಮಿಲಿ ಮಾಡಿ. 250 ಮಿಲಿ ಬಿಯರ್‌ಗೆ ಅದರಲ್ಲಿ ಎರಡೂವರೆ ಮಿಲಿ ಹಾಕಿದರೆ ಲೀಟರ್‌ಗೆ 1 ಗ್ರಾಂ ಲೆಕ್ಕ. ಅಲ್ಲಿಂದ ಹಿಂದೆ ಮುಂದೆ ಮಾಡಿ ರುಚಿ ನೋಡಿ. ನನಗೆ 1 ಗ್ರಾಂಗಿಂತ ಸ್ವಲ್ಪ ಕಡಿಮೆಯೇ ಹಿತ. ಉಪ್ಪು ಅಂತ ಗೊತ್ತಾಗಬಾರದು, ಹುರಿದ ರುಚಿ ಎದ್ದು ಬರಬೇಕು. ಒಣ ಉಪ್ಪನ್ನು ಮಾತ್ರ ಗ್ಯಾಸ್ ಇರುವ ಬಿಯರ್‌ಗೆ ಉದುರಿಸಬೇಡಿ, ಮೇಜೆಲ್ಲಾ ನೊರೆ.

ಬಾಟಲಿಗೆ ತುಂಬುವಾಗ ಲೀಟರ್‌ಗೆ ಸುಮಾರು 6 ಗ್ರಾಂ ಸಕ್ಕರೆ. ಗ್ಯಾಸ್ ಹಿಡಿದ ಮೇಲೆ ಫ್ರಿಜ್‌ಗೆ.

ರುಚಿ ಹೇಗಿದೆ? ಮೂಗಿಗೆ ಮೊದಲು ಹುರಿದ ಬ್ರೆಡ್, ಬಾಯಲ್ಲಿ ಜೋಳದ ಸಿಹಿ, ಕೊನೆಗೆ ಉಪ್ಪಿನ ಒಂದು ಚುರುಕು. ಕಣ್ಣು ಕಟ್ಟಿ ಕೊಟ್ಟರೆ ಎಲ್ಲರೂ ಪಾಪ್‌ಕಾರ್ನ್ ಅನ್ನುತ್ತಾರೆ ಅಂತ ಹೇಳಲಾರೆ. ಹೆಸರು ಹೇಳಿ ಕೊಟ್ಟರೆ ಹೌದಲ್ಲಾ ಅನ್ನುತ್ತಾರೆ. ಆದರೆ ಇದು ಇಟ್ಟುಕೊಂಡು ಕುಡಿಯುವ ಬಿಯರ್ ಅಲ್ಲ. ದಿನ ಕಳೆದಂತೆ ಹುರಿದ ಘಮ ಮಂಕಾಗುತ್ತದೆ, ಬೇಗ ಖಾಲಿ ಮಾಡಿ.