ಒಂದೇ ಪುಸ್ತಕದ 82 ಪ್ರತಿ, ಅಜ್ಜಿಯ ಒಂದು ನೋಟ್‌ಬುಕ್

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಮೈಕ್ ತೊಂದರೆ ಅಲ್ಲ, ಮಳೆ. ಜುಲೈ ಕೊನೆಯ ವಾರ, ಶಾಲೆಗೆ ಮಳೆ ರಜೆ. ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಈ ಧ್ವನಿ ಕೊಡುತ್ತಿದ್ದೇನೆ. ಆದರೂ ಹೆಂಚಿನ ಸದ್ದು ಬಿಡುತ್ತಿಲ್ಲ.

ಈಗ ಕಾಣುತ್ತಿದೆಯಲ್ಲ, ಇದು ನಮ್ಮ ಮನೆ ಹಿಂದಿನ ದಿಣ್ಣೆ. ಇಡೀ ಕಾಫಿ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಇಲ್ಲಿ ಮಾತ್ರ. ಕೊಡೆ ಹಿಡಿದುಕೊಂಡು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಎರಡು ವಾರದಿಂದ ಇಲ್ಲಿ ನಿಂತು ನಾನು ನೋಡುತ್ತಿರುವುದು ವಾಷಿಂಗ್ಟನ್‌ನ ಒಂದು ಲೈಬ್ರರಿಯನ್ನು. ಅಮ್ಮ ಮೊದಲ ದಿನವೇ ಕೇಳಿದರು, "ಈ ಮಳೇಲಿ ರೀಲ್ಸ್ ನೋಡ್ಲೇಬೇಕಾ ನಿಂಗೆ?"

ರೀಲ್ಸ್ ಅಲ್ಲ. ಫೋಲ್ಜರ್ ಶೇಕ್ಸ್‌ಪಿಯರ್ ಲೈಬ್ರರಿ. ಹೆನ್ರಿ ಫೋಲ್ಜರ್ ಅಂತ ಒಬ್ಬರು, ಪೆಟ್ರೋಲಿಯಂ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರಿಗೂ ಹೆಂಡತಿ ಎಮಿಲಿಗೂ ಒಂದೇ ಹುಚ್ಚು, ಶೇಕ್ಸ್‌ಪಿಯರ್ ಪುಸ್ತಕ ಕೂಡಿಡುವುದು. 1930ರಲ್ಲಿ ಕಟ್ಟಡಕ್ಕೆ ಕಲ್ಲು ಹಾಕಿದ ಎರಡು ವಾರಕ್ಕೆ ಹೆನ್ರಿ ತೀರಿಕೊಂಡರು. ಎಮಿಲಿ ಹಿಡಿದ ಕೆಲಸ ಬಿಡಲಿಲ್ಲ. 1932ರಲ್ಲಿ ಲೈಬ್ರರಿಯ ಬಾಗಿಲು ತೆರೆಯಿತು.

ನನಗೆ ಮೊದಲು ನಗು ಬಂದಿದ್ದು ಒಂದು ಲೆಕ್ಕ ನೋಡಿ. 1623ರಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಸೇರಿಸಿ ಒಂದು ದಪ್ಪ ಪುಸ್ತಕ ಅಚ್ಚಾಯಿತು, ಫಸ್ಟ್ ಫೋಲಿಯೊ ಅಂತ. ಅವರು ಸತ್ತು ಏಳು ವರ್ಷ ಆಗಿತ್ತು. ಅದರಲ್ಲಿದ್ದ 36 ನಾಟಕಗಳಲ್ಲಿ ಅರ್ಧದಷ್ಟು ಅಲ್ಲಿಯವರೆಗೆ ಅಚ್ಚೇ ಆಗಿರಲಿಲ್ಲ. ಮ್ಯಾಕ್‌ಬೆತ್ ಕೂಡ ಅದರಲ್ಲೇ ಉಳಿದದ್ದು. ಈ ಪುಸ್ತಕದ ಪ್ರತಿಗಳು ಈಗ ಪ್ರಪಂಚದಲ್ಲಿ ಸುಮಾರು 235 ಉಳಿದಿವೆ. ಫೋಲ್ಜರ್ ಒಂದರಲ್ಲೇ 82.

ಒಂದೇ ಪುಸ್ತಕದ 82 ಪ್ರತಿ! ದುಡ್ಡು ಜಾಸ್ತಿ ಆದರೆ ಹೀಗೇ ಅಂದುಕೊಂಡೆ. ಆಮೇಲೆ ಓದುತ್ತಾ ಹೋದೆ. ನಗು ನಿಂತಿತು.

ಯಾಕೆಂದರೆ ಅವು ಒಂದೇ ಪುಸ್ತಕ ಅಲ್ಲ. ಆಗ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಅಚ್ಚು ನಡೆಯುತ್ತಿರುವಾಗಲೇ ಯಾರೋ ತಪ್ಪು ನೋಡುತ್ತಾರೆ, ಯಂತ್ರ ನಿಲ್ಲಿಸಿ ಸರಿ ಮಾಡುತ್ತಾರೆ, ಮತ್ತೆ ಮುಂದುವರಿಸುತ್ತಾರೆ. ಆದರೆ ತಪ್ಪು ಹಾಳೆಗಳನ್ನು ಬಿಸಾಡುವುದಿಲ್ಲ. ಕಾಗದ ಅಷ್ಟು ದುಬಾರಿ. ಸರಿ ಹಾಳೆ, ತಪ್ಪು ಹಾಳೆ ಎಲ್ಲ ಸೇರಿಸಿಯೇ ಹೊಲಿಗೆ ಹಾಕುತ್ತಾರೆ. ಹಾಗಾಗಿ ಒಂದು ಪ್ರತಿಯ ಹಾಗೆ ಇನ್ನೊಂದು ಇರುವುದಿಲ್ಲ.

ಚಾರ್ಲ್‌ಟನ್ ಹಿನ್‌ಮನ್ ಎಂಬ ವಿದ್ವಾಂಸರು 1940ರ ದಶಕದಲ್ಲಿ ಇದಕ್ಕೇ ಒಂದು ಯಂತ್ರ ಮಾಡಿದರು. ಎರಡು ಪ್ರತಿಗಳ ಒಂದೇ ಪುಟವನ್ನು ಅಕ್ಕಪಕ್ಕ ಇಡಬೇಕು. ಕನ್ನಡಿಗಳ ಮೂಲಕ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ದೀಪ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಹತ್ತಿ ಆರುತ್ತದೆ. ಒಂದು ಅಲ್ಪವಿರಾಮ ಬೇರೆ ಇದ್ದರೂ ಅದು ಕಣ್ಣಿಗೆ ಕುಣಿಯುತ್ತದೆ. ಫೋಲ್ಜರ್‌ನ 50ಕ್ಕೂ ಹೆಚ್ಚು ಪ್ರತಿಗಳನ್ನು ಅವರು ಹೀಗೆ ಪುಟ ಪುಟ ನೋಡಿದರು. ಕೊನೆಗೆ ಮೊಳೆ ಜೋಡಿಸಿದವರು ಎಷ್ಟು ಜನ, ಯಾರ ಕೈ ಯಾವ ಪುಟದಲ್ಲಿದೆ ಅಂತಲೂ ಗುರುತು ಹಿಡಿದರು. ಅವರಲ್ಲೊಬ್ಬ ಇನ್ನೂ ಕೆಲಸ ಕಲಿಯುತ್ತಿದ್ದ ಹುಡುಗ. ತಪ್ಪುಗಳಲ್ಲಿ ಅವನದೇ ಸಿಂಹಪಾಲು. ಮುನ್ನೂರಕ್ಕೂ ಹೆಚ್ಚು ವರ್ಷ ಆದ ಮೇಲೂ ಸಿಕ್ಕಿಬಿದ್ದ, ಪಾಪ.

ವಿದ್ವಾಂಸರಿಗೆ ಅಲ್ಲಿ ಫೆಲೋಶಿಪ್ ಇದೆ. ಹೋಗಿ ತಿಂಗಳುಗಟ್ಟಲೆ ಕೂತು ಓದಬಹುದು. ಹಳೆಯ ಕೈಬರಹ ಓದುವುದನ್ನು ಕಲಿಸುವ ತರಗತಿಗಳೂ ಇವೆ. ನನಗೆ ಬೇಕಾಗಿದ್ದು ಅದಲ್ಲ. ಮೇಷ್ಟ್ರುಗಳಿಗೆ ಅವರು ಏನು ಹೇಳಿಕೊಡುತ್ತಾರೆ ಅನ್ನುವುದು. 1984ರಿಂದ ಬೇಸಿಗೆಯಲ್ಲಿ ಶಾಲಾ ಶಿಕ್ಷಕರನ್ನು ಕರೆಸಿ, ಶೇಕ್ಸ್‌ಪಿಯರ್ ಪಾಠ ಮಾಡುವುದು ಹೇಗೆ ಅಂತ ಕಲಿಸಿದ್ದಾರೆ. ಅದರ ತಿರುಳು ಇಷ್ಟು: ಕಥೆಯ ಸಾರಾಂಶ ಹೇಳಬೇಡಿ. ಕವಿ ಪರಿಚಯದಿಂದ ಶುರು ಮಾಡಬೇಡಿ. ಸಾಲನ್ನು ಮಕ್ಕಳ ಬಾಯಿಗೆ ಕೊಡಿ, ಎದ್ದು ನಿಲ್ಲಿಸಿ. ಅರ್ಥ ಆಮೇಲೆ ಬರುತ್ತದೆ.

ನಾನು ಹನ್ನೊಂದು ವರ್ಷದಿಂದ ಕವಿ ಪರಿಚಯದಿಂದಲೇ ಶುರು ಮಾಡಿದ್ದೇನೆ. ಜನನ, ಊರು, ಪ್ರಶಸ್ತಿ. ಬೋರ್ಡ್ ತುಂಬಾ.

ಹಾಗಾಗಿ ಮಳೆ ರಜೆಗೆ ಮೊದಲಿನ ವಾರ ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಮಾಡಿದೆ. ಶೇಕ್ಸ್‌ಪಿಯರ್ ಬಿಟ್ಟೆ, ಪಂಜೆ ಮಂಗೇಶರಾಯರ ಹುತ್ತರಿ ಹಾಡು ತೆಗೆದುಕೊಂಡೆ. ಹುತ್ತರಿ ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಪಂಜೆಯವರು ಮಡಿಕೇರಿಯಲ್ಲೇ ಮೇಷ್ಟ್ರಾಗಿದ್ದವರು. ಹಾಡು ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಬಾಯಿಪಾಠ ಆಗಿರುವುದರಿಂದಲೇ ಯಾರಿಗೂ ಕೇಳಿಸುವುದಿಲ್ಲ, ಅಲ್ವಾ? ಹಾಡನ್ನು ಸಾಲು ಸಾಲಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದು ಚೀಟಿ ಕೊಟ್ಟೆ. ವೃತ್ತದಲ್ಲಿ ನಿಲ್ಲಿಸಿ, ಒಂದು ಚೆಂಡು ಕೊಟ್ಟೆ. ಚೆಂಡು ಹಿಡಿದವರು ತಮ್ಮ ಸಾಲು ಹೇಳಿ ಇನ್ನೊಬ್ಬರಿಗೆ ಎಸೆಯಬೇಕು. ಸಿಟ್ಟಿನಲ್ಲಿ ಒಮ್ಮೆ, ಗುಟ್ಟು ಹೇಳಿದ ಹಾಗೆ ಒಮ್ಮೆ.

ಮೊದಲ ಹತ್ತು ನಿಮಿಷ ಬರೀ ಗಲಾಟೆ. ಚೆಂಡು ಕಿಟಕಿಯಿಂದ ಆಚೆ ಹೋಗಿ ಕೆಸರಿಗೆ ಬಿತ್ತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಂದು ಇಣುಕಿದರು. ಸುಮ್ನೆ ನಕ್ಕು ಕಳಿಸಿದೆ. ಆಮೇಲೆ, ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿ ಒಬ್ಬಳು ಕೈ ಎತ್ತಿದಳು. "ಟೀಚರ್, ಈ ಸಾಲನ್ನ ಮೆಲ್ಲಗೆ ಹೇಳಕ್ಕಾಗಲ್ಲ. ದುಡಿ ಹೊಡ್ದಂಗಿದೆ ಇದು." ನಾನು ಒಂದು ತಾಸು ಛಂದಸ್ಸು ಕೊರೆದಿದ್ದರೂ ಅವಳು ಇದನ್ನು ಹೇಳುತ್ತಿರಲಿಲ್ಲ.

ದುಡಿ ಅಂದರೆ ಇಲ್ಲಿನ ಪುಟ್ಟ ಚರ್ಮವಾದ್ಯ. ಅವಳು ದುಡಿ ಅಂದಾಗ ಪಟ್ಟೋಲೆ ಪಳಮೆ ನೆನಪಾಯಿತು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಜನಪದ ಹಾಡುಗಳನ್ನು ಕೇಳಿ ಬರೆದು 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ನಾಲ್ಕು ಜನ ದುಡಿ ಹಿಡಿದು ನಿಂತು ಹಾಡುವುದು ಆ ಹಾಡುಗಳ ಕ್ರಮ. ಒಮ್ಮೆ ಅದರ ಹಳೆಯ ಪ್ರತಿ ನೋಡೋಣ ಅಂತ ಒಂದು ಲೈಬ್ರರಿಗೆ ಹೋಗಿದ್ದೆ. ಎಲ್ಲಿ ಅಂತ ಹೇಳುವುದಿಲ್ಲ. ಗಾಜಿನ ಅಲ್ಮೇರಾದಲ್ಲಿ ಪುಸ್ತಕ ಕಾಣುತ್ತಿತ್ತು. ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಗಾಜಿನ ಈ ಕಡೆಯಿಂದ ಬೆನ್ನು ಓದಿ ಬಂದೆ. ಫೋಲ್ಜರ್‌ನವರು 2024ರಲ್ಲಿ ಕಟ್ಟಡ ರಿಪೇರಿ ಮುಗಿಸಿ ಮತ್ತೆ ತೆರೆದಾಗ ಆ 82 ಪ್ರತಿಗಳನ್ನೂ ಜನ ನೋಡುವ ಹಾಗೆ ಒಂದೇ ಕಡೆ ಇಟ್ಟರು. ಅದೂ ಗಾಜಿನ ಹಿಂದೆಯೇ, ಒಪ್ಪುತ್ತೇನೆ. ಆದರೆ ನಾಟಕಗಳೆಲ್ಲ ನನ್ನ ಫೋನಿನಲ್ಲಿ ಪುಕ್ಕಟೆ ತೆರೆಯುತ್ತವೆ, ಈ ದಿಣ್ಣೆ ಮೇಲೆ.

ಇನ್ನೊಂದು ಸಂಗತಿ ಇದೆ. ಅಲ್ಲಿ ಹಳೆಯ ಇಂಗ್ಲಿಷ್ ಮನೆಗಳ ಅಡುಗೆ ಪುಸ್ತಕಗಳೂ ಇವೆ, ಕೈಬರಹದ್ದು. ಒಂದು ಪುಟದಲ್ಲಿ ಅಡುಗೆ, ಮುಂದಿನ ಪುಟದಲ್ಲಿ ಕೆಮ್ಮಿಗೆ ಔಷಧ. ನಮ್ಮಲ್ಲೂ ಹಾಗೇ ಅಲ್ವಾ? ಮಳೆಗಾಲದ ಆಟಿ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ, ಕೊಡವರು ಕಕ್ಕಡ 18 ಅನ್ನುತ್ತಾರೆ. ನೇರಳೆ ಬಣ್ಣದ ಆ ಪಾಯಸ ಅಡುಗೆಯೋ, ಮದ್ದೋ? ಆ ಕೈಬರಹಗಳನ್ನು ವಿದ್ಯಾರ್ಥಿಗಳು, ಸಾಮಾನ್ಯ ಓದುಗರು ಒಟ್ಟಿಗೆ ಕೂತು, ಇಡೀ ದಿನ ಅಕ್ಷರ ಬಿಡಿಸಿ ಟೈಪ್ ಮಾಡುವ ಕಾರ್ಯಕ್ರಮ ಕೂಡ ಅವರು ನಡೆಸುತ್ತಾರೆ.

ಇದನ್ನು ಓದಿದ ಸಂಜೆಯೇ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ಇದೋ, ಈಗ ಕಾಣುತ್ತಿರುವುದೇ ಅಜ್ಜಿಯ ನೋಟ್‌ಬುಕ್. ಅಡುಗೆ, ಹಾಲಿನ ಲೆಕ್ಕ, ಯಾರೋ ಕೊಡಬೇಕಾದ ಸಾಲ, ಎಲ್ಲ ಒಟ್ಟಿಗೆ. ಅಂಚು ಹುಳ ತಿಂದಿದೆ. ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿದೆ. ನೋಡಿದ್ದನ್ನು ನೋಡಿದ ಹಾಗೇ ಬರೆಯಿರಿ, ಊಹೆ ಮಾಡಿದರೆ ಅಡಿಗೆರೆ ಎಳೆಯಿರಿ ಅಂದೆ.

ಹಂದಿ ಮಾಂಸದ ಪುಟದಲ್ಲಿ ಜಗಳ ಶುರುವಾಯಿತು. "ಜೀರಿಗೆ" ಅಂತ ಇದೆ, ಆಮೇಲೆ ಹುಳ ತಿಂದ ತೂತು, ಆಮೇಲೆ "ಎರಡು ಹಿಡಿ". ಒಂದು ಗುಂಪು ಅದು ಜೀರಿಗೆ ಅಂತು. ಇನ್ನೊಂದು ಗುಂಪು, ಇಲ್ಲ, ತೂತಿನಲ್ಲಿ ಮೆಣಸು ಇತ್ತು, ಅದು ಜೀರಿಗೆ ಮೆಣಸು, ಆ ಪುಟಾಣಿ ಖಾರದ ಮೆಣಸಿನಕಾಯಿ, ಅಂತು. ಎರಡು ಹಿಡಿ ಜೀರಿಗೆ ಯಾರು ಹಾಕುತ್ತಾರೆ ಅಂತ ಒಬ್ಬ. ಎರಡು ಹಿಡಿ ಜೀರಿಗೆ ಮೆಣಸು ತಿಂದು ಯಾರು ಬದುಕುತ್ತಾರೆ ಅಂತ ಇನ್ನೊಬ್ಬಳು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಒಲೆಗೆ ಸೌದೆ ತಳ್ಳುತ್ತಾ ಹೇಳಿದರು, "ಮದುವೆ ಅಡುಗೆ ಕಣೇ ಅದು, ಇನ್ನೂರು ಜನಕ್ಕೆ. ಮೇಲೆ ಬರ್ದಿದಾರೆ ನೋಡು."

ಮೇಲೆಯೂ ತೂತು.